ಅರವತ್ತೊಂದು ಜನ ನೋಡಿದ ಚಿತ್ರ

ಸ್ಕಾರ್ವಿಕ್, ಫೆರೋ ದ್ವೀಪಗಳು
ಸೆಪ್ಟೆಂಬರ್ ೧೪, ೨೦೧೧

ಪ್ರೀತಿಯ ಹೈನಿ ಅಣ್ಣಾ,

ಹೇಗಿದ್ದೀಯ? ಬೆನ್ನುನೋವು ಕಡಿಮೆಯಾಯಿತೇ? ಓಲಾಡುವ ಹಡಗಿನಲ್ಲಿ ಮೂವತ್ತು ಜನರಿಗೆ ಆಲೂಗಡ್ಡೆ ಸುಲಿಯುವವನ ಬೆನ್ನು ನೆಟ್ಟಗಿರಲಿ ಎಂದು ಬಯಸುವುದೇ ತಪ್ಪೇನೋ. ಅಮ್ಮ ಹೆಣೆದ ಉಣ್ಣೆ ಬನಿಯನ್ನನ್ನು ಮೈಮೇಲೆ ಹಾಕಿಕೊಳ್ಳಬೇಕಂತೆ, ಪೆಟ್ಟಿಗೆಯಲ್ಲಿಟ್ಟರೆ ಪೆಟ್ಟಿಗೆಗೆ ಚಳಿಯಾಗುವುದಿಲ್ಲವಂತೆ. ಇದನ್ನು ಮೊದಲು ಬರೆ ಎಂದು ಅಪ್ಪಣೆಯಾಗಿದೆ, ಬರೆದಿದ್ದೇನೆ. ಈ ಪತ್ರದ ಜೊತೆಗಿರುವ ಕಾಲುಚೀಲಗಳೂ ಅವಳವೇ. ಅಮ್ಮ ಚೆನ್ನಾಗಿದ್ದಾಳೆ, ನನಗಿಂತ ಚೆನ್ನಾಗಿದ್ದಾಳೆ. ಒಂದು ವಾರದಿಂದ ನಾನು ಅವಳ ಜೊತೆ ಮಾತು ಬಿಟ್ಟಿದ್ದೇನೆ. ಒಂದೇ ಮೇಜಿನಲ್ಲಿ ಊಟ ಮಾಡುತ್ತೇವೆ, ಉಪ್ಪು ಬೇಕಾದರೆ ಅವಳು ಬೆಕ್ಕಿಗೆ ಹೇಳುತ್ತಾಳೆ, ನಾನು ಎತ್ತಿ ಕೊಡುತ್ತೇನೆ.

ಜಗಳ ನನ್ನ ಚಿತ್ರದ್ದು. ಮೂರು ವರ್ಷದ ಹಿಂದೆ ಅಪ್ಪನೂ ಊರಿನವರೂ ಕಡಿದಾದ ಬಂಡೆಯ ನಡುಗಡ್ಡೆಯ ಮೇಲಿನಿಂದ ಕುರಿಗಳನ್ನು ಹಗ್ಗ ಕಟ್ಟಿ ದೋಣಿಗೆ ಇಳಿಸಿದ್ದನ್ನು ನಾನು ಕ್ಯಾಮೆರಾ ಹಿಡಿದು ತೆಗೆದೆನಲ್ಲ, ಅದೇ. ಚಿತ್ರ ತೆಗೆಯುವುದು ಕಷ್ಟವೆಂದು ಆಗ ತಿಳಿದಿದ್ದೆ. ಅಣ್ಣಾ, ಕಷ್ಟ ಅದಲ್ಲ. ಕಷ್ಟವೆಂದರೆ ಚಿತ್ರೋತ್ಸವಗಳ ಅರ್ಜಿ. ಚಿತ್ರದ ಕಥೆಯನ್ನು ಇಪ್ಪತ್ತೈದು ಪದಗಳಲ್ಲಿ ಬರೆಯಿರಿ ಎನ್ನುತ್ತಾರೆ, ಬರೆದರೆ ಈಗ ಐವತ್ತು ಪದಗಳಲ್ಲಿ, ಆಮೇಲೆ ಇನ್ನೂರು ಪದಗಳಲ್ಲಿ. ಕುರಿ ಮೇಲಿತ್ತು, ಕೆಳಗೆ ಬಂತು. ಇದನ್ನು ಇನ್ನೂರು ಪದಕ್ಕೆ ಎಳೆಯುವುದು ಹೇಗೆ? 'ಈ ಚಿತ್ರವನ್ನು ಈಗಲೇ ಏಕೆ ಮಾಡಿದಿರಿ?' ಎಂದು ಇನ್ನೊಂದು ಪ್ರಶ್ನೆ. ಅಕ್ಟೋಬರ್ ಬಿಟ್ಟು ಫೆಬ್ರವರಿಯಲ್ಲಿ ಕುರಿ ಇಳಿಸುತ್ತಾರೆಯೇ? ಮಾತುಗಳನ್ನೆಲ್ಲ ಇಂಗ್ಲಿಷಿನಲ್ಲಿ ತೆರೆಯ ಕೆಳಗೆ ಅಚ್ಚು ಹಾಕಬೇಕಂತೆ. ಪಕ್ಕದ ಮನೆಯ ಹನುಸ್ ಮಾವ ಬಾಯಲ್ಲಿ ಹೊಗೆಸೊಪ್ಪು ಇಟ್ಟುಕೊಂಡು ಕುರಿಗೆ ಬೈದ ಬೈಗುಳಗಳನ್ನು ಸಭ್ಯವಾಗಿ ಭಾಷಾಂತರಿಸುವುದರಲ್ಲೇ ನನ್ನ ಎರಡು ಭಾನುವಾರ ಹೋದವು.

ಹನ್ನೊಂದು ಕಡೆಗೆ ಡಿಸ್ಕ್ ಕಳಿಸಿದೆ. ಹನ್ನೊಂದು ಪತ್ರ ಬಂದವು, ಎಲ್ಲವೂ ಒಂದೇ ತಾಯಿಯ ಮಕ್ಕಳು: ಈ ವರ್ಷ ಬಂದ ಚಿತ್ರಗಳು ಅಪಾರ, ಗುಣಮಟ್ಟ ಬಹಳ ಎತ್ತರ, ನಿಮಗೆ ಶುಭವಾಗಲಿ. ಆಗಸ್ಟಿನಲ್ಲಿ ಹನ್ನೆರಡನೆಯವರು ಹೂಂ ಅಂದರು. ದಕ್ಷಿಣದ ದೊಡ್ಡ ಊರಿನವರು, ಮುನ್ನೂರು ಕುರ್ಚಿಗಳ ಚಿತ್ರಮಂದಿರ. ಷರತ್ತು ಎರಡು. ಚಿತ್ರ ಅರವತ್ತು ನಿಮಿಷ ಮೀರಬಾರದು. ನನ್ನದು ನಲವತ್ತು ಸೆಕೆಂಡು ಹೆಚ್ಚಿತ್ತು, ಕತ್ತರಿಸಿದೆ. ಎರಡನೆಯದು, ಅವರಿಗಿಂತ ಮೊದಲು ಅದನ್ನು ಲೋಕದಲ್ಲಿ ಎಲ್ಲೂ ತೋರಿಸಿರಬಾರದು. ಎಲ್ಲ ದೊಡ್ಡ ಉತ್ಸವಗಳಿಗೂ ಇದೇ ಹಟ. ಏಪ್ರಿಲಿನಲ್ಲಿ ನೀನು ಒಂದು ಡಿಸ್ಕ್ ಕಳಿಸೇ ಅಂದಾಗ ನಾನು ಆಗುವುದಿಲ್ಲ ಅಂದದ್ದು ಇದೇ ಭಯಕ್ಕೆ. ಹಡಗಿನಲ್ಲಿ ಮೂವತ್ತು ಜನ ನೋಡುತ್ತಾರೆ, ಬಂದರಿನಲ್ಲಿ ಯಾರೋ ನಕಲು ಮಾಡಿಕೊಳ್ಳುತ್ತಾರೆ ಎಂದೆಲ್ಲ ನಿನಗೆ ಪಾಠ ಹೇಳಿದ್ದೆ. ನೀನು ಆಯಿತು ಬಿಡು ಅಂದೆ.

ಹೋದ ವಾರ ಪೋಸ್ಟರ್ ಅಚ್ಚು ಹಾಕಿಸಲು ಎರಡು ದಿನ ಟೋರ್ಸ್‌ಹಾನ್ ಪಟ್ಟಣಕ್ಕೆ ಹೋಗಿದ್ದೆ. ಡಿಸ್ಕ್ ಅಡುಗೆಮನೆಯ ಗೂಡಿನಲ್ಲಿ, ರುಬಾರ್ಬ್ ಜಾಮಿನ ಶೀಶೆಗಳ ಹಿಂದೆ ಇತ್ತು. ಜಾಮ್ ತೆಗೆಯಲು ಹೋದ ಅಮ್ಮನ ಕೈಗೆ ಸಿಕ್ಕಿತು. ಅಂಗಡಿ ಬಾಗಿಲಿಗೆ ಚೀಟಿ ಅಂಟಿಸಿದಳು. ಭಾನುವಾರ ಚರ್ಚ್ ಮುಗಿದ ಮೇಲೆ ಸಭಾಭವನದ ಗೋಡೆಗೆ ಬಿಳಿ ಹಾಸಿಗೆಬಟ್ಟೆ ಕಟ್ಟಿಸಿ, ದೊಡ್ಡ ಪಾತ್ರೆಯಲ್ಲಿ ಒಣಮಾಂಸದ ಸಾರು ಕಾಯಿಸಿ, ಊರಿಗೆಲ್ಲ ಚಿತ್ರ ತೋರಿಸಿದಳು. ಅರವತ್ತೊಂದು ಜನ. ನಮ್ಮೂರಿನ ಜನಸಂಖ್ಯೆಯೇ ಅರವತ್ತಮೂರು. ಬಾರದವರಿಬ್ಬರು ನಾನು ಮತ್ತು ನೀನು.

ಕುರಿ ನೇತಾಡುವ ಜಾಗ ಬಂದಾಗ ಹನುಸ್ ಮಾವ ಎದ್ದು ನಿಂತು, "ಹಗ್ಗ ಬಿಡ್ಬೇಡ್ರೋ, ಬಿಡ್ಬೇಡ್ರೋ!" ಎಂದು ಕೂಗಿದರಂತೆ. ಮುಂದಿನ ಸಾಲಿನಲ್ಲಿದ್ದ ಇಬ್ಬರು ಕೈ ಚಾಚಿದರಂತೆ. ಆ ಕುರಿಯನ್ನು ನಾವು ತಿಂದು ಮೂರು ವರ್ಷವಾಗಿದೆ! ಅಪ್ಪ ತೆರೆಯ ಮೇಲೆ ಬಂದಾಗ ಮಾತ್ರ ಎಲ್ಲರೂ ಸಾರಿನ ಬಟ್ಟಲು ಕೆಳಗಿಟ್ಟರಂತೆ. ಫೆಬ್ರವರಿಯಲ್ಲಿ ಅಪ್ಪನನ್ನು ಮಣ್ಣು ಮಾಡಿದ ಮೇಲೆ ಊರಿನವರು ಅವನನ್ನು ನೋಡಿದ್ದು ಅದೇ ಮೊದಲು.

ಬಂದು ವಿಷಯ ತಿಳಿದು ನಾನು ಹೇಗೆ ಕಿರುಚಾಡಿದೆ ಎನ್ನುವುದನ್ನು ಊರಿನವರು ನಿನಗೆ ಹೇಳಿಯೇ ಹೇಳುತ್ತಾರೆ. ಮೂರು ವರ್ಷದ ಕೆಲಸ, ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಅಮ್ಮನಿಗೆ ಒಂದಿಷ್ಟಾದರೂ ಪಶ್ಚಾತ್ತಾಪ ಬೇಡವೇ? ಸೌಟು ಹಿಡಿದುಕೊಂಡು ನನಗೇ ತಿರುಗಿ ಬಿದ್ದಳು: "ಹಗ್ಗ ಹಿಡ್ದೋರಿಗೆ ಪಾಲು ಹಾಕ್ದೆ ಕುರೀನ ಊರಾಚೆ ಕಳಿಸ್ತಾರೇನೇ? ನಿಮ್ಮಪ್ಪ ಯಾವತ್ತಾದ್ರೂ ತನ್ನ ಪಾಲು ಮೊದ್ಲು ಎತ್ಕೊಂಡಿದ್ನಾ?" ಇದು ಸಿನಿಮಾ, ಕುರಿಯಲ್ಲ ಅಂದೆ. "ಹಾಗಾದ್ರೆ ಆ ಬಂಡೆ ಮೇಲೆ ನೀನೊಬ್ಳೇ ಇದ್ಯಾ?" ಅಂದಳು. ನಾನು ಬಾಗಿಲು ಬಡಿದು ಮಹಡಿ ಹತ್ತಿದೆ. ಕೆಳಗಿನಿಂದ ಇನ್ನೊಂದು ಮಾತು ಹತ್ತಿ ಬಂತು: "ಊರೆಲ್ಲಾ ನೋಡ್ತು. ನೋಡ್ಬೇಕಾದೋನು ಅಲ್ಲಿ ಆಲೂಗಡ್ಡೆ ಸುಲೀತಾ ಕೂತವ್ನೆ. ಅವನಿಗೆ ಬೇಡ ಅಂದೋಳು ನಾನಲ್ಲ ತಾಯಿ."

ಉತ್ಸವದವರ ಕೊನೆಯ ಹಾಳೆಗೆ ನಾನು ಸಹಿ ಹಾಕಬೇಕಿತ್ತು. 'ಈ ಚಿತ್ರವನ್ನು ಇದುವರೆಗೆ ಸಾರ್ವಜನಿಕವಾಗಿ ತೋರಿಸಿಲ್ಲ.' ಇಡೀ ಸೋಮವಾರ ಪೆನ್ನು ಹಿಡಿದು ಕೂತಿದ್ದೆ. ಅಷ್ಟು ದೂರದವರಿಗೆ ನಮ್ಮ ಹಾಸಿಗೆಬಟ್ಟೆಯ ಸುದ್ದಿ ಯಾರು ಮುಟ್ಟಿಸುತ್ತಾರೆ? ಸುಳ್ಳು ಬರೆಯಲು ಎಲ್ಲ ಅನುಕೂಲವೂ ಇತ್ತು. ಆದರೆ ಬರೆಯಬೇಕಾದ ಸುಳ್ಳು, ಆ ಅರವತ್ತೊಂದು ಜನ ಜನರೇ ಅಲ್ಲ ಅಂತ. ಹನುಸ್ ಮಾವ ಕಿಟಕಿಯಾಚೆ ಬೇಲಿ ಸರಿಮಾಡುತ್ತಿದ್ದರು. ನನಗೆ ಆಗಲಿಲ್ಲ. ಇದ್ದದ್ದನ್ನು ಇದ್ದಂತೆ ಬರೆದು ಕಳಿಸಿದೆ, ಸಾರಿನ ವಿಷಯವನ್ನೂ ಸೇರಿಸಿ. ಇವತ್ತು ಬೆಳಿಗ್ಗೆ ಉತ್ತರ ಬಂತು. ನಿಮ್ಮ ಪ್ರಾಮಾಣಿಕತೆಗೆ ಧನ್ಯವಾದ, ನಿಯಮ ನಿಯಮವೇ, ಶುಭವಾಗಲಿ. ಓದಿ ಅತ್ತೆ, ಅಣ್ಣಾ. ಸಿಟ್ಟಿಗೇ ಅತ್ತೆ ಎಂದುಕೊಂಡಿದ್ದೇನೆ. ಅಮ್ಮ ಒಂದು ಬಟ್ಟಲು ಸಾರು ತಂದು ಪಕ್ಕದಲ್ಲಿಟ್ಟು, ಅದು ಬಿಸಿಯಾಗಿದೆಯೆಂದು ಬೆಕ್ಕಿಗೆ ಹೇಳಿ ಹೋದಳು.

ಸುದ್ದಿ ಇಷ್ಟೇ. ಹನುಸ್ ಮಾವ ನಿನ್ನನ್ನು ಕೇಳಿದ್ದಾರೆ, ಈ ಅಕ್ಟೋಬರಿಗೆ ಹಗ್ಗಕ್ಕೆ ಒಂದು ಕೈ ಕಡಿಮೆಯಂತೆ. ಬೆನ್ನು ನೋಡಿಕೋ. ದೇವರು ನಿನ್ನನ್ನೂ ಹಡಗಿನವರನ್ನೂ ಕಾಯಲಿ.

ನಿನ್ನ ತಂಗಿ,
ರನ್ವಾ

ಮರೆತಿದ್ದೆ: ಅಂಚೆಯ ಗಾಡಿ ಬಂದು ಹಾರ್ನ್ ಹೊಡೆಯುತ್ತಿದೆ, ಬೇಗ ಬರೆಯುತ್ತೇನೆ. ಎಡಗಾಲಿನ ಚೀಲದೊಳಗೆ ಡಿಸ್ಕ್ ಇದೆ, ಕಾಲು ತೂರಿಸಿ ಮುರಿಯಬೇಡ. ಅಮ್ಮ ತೋರಿಸಿದ್ದಲ್ಲ ಇದು, ಕತ್ತರಿಸುವುದಕ್ಕೆ ಮೊದಲಿನದು. ಆ ನಲವತ್ತು ಸೆಕೆಂಡಿನಲ್ಲಿ ಏನಿತ್ತೆಂದು ನಿನಗೆ ಹೇಳಿರಲಿಲ್ಲ. ಮೂವತ್ತೆರಡನೇ ನಿಮಿಷದಲ್ಲಿ ಅಪ್ಪ ಹಗ್ಗ ಸುತ್ತುತ್ತ ನನ್ನ ಕಡೆ ತಿರುಗಿ, "ಹೈನಿ ಫೋನ್ ಮಾಡಿದ್ನೇನೇ?" ಅನ್ನುತ್ತಾನೆ. ಇಲ್ಲ ಅನ್ನುತ್ತೇನೆ. "ಮಾಡ್ತಾನೆ ಬಿಡು, ಅಲ್ಲಿ ಕೆಲ್ಸ ಜಾಸ್ತಿ" ಎಂದು ನಗುತ್ತಾನೆ, ಮತ್ತೆ ಹಗ್ಗ ಸುತ್ತುತ್ತಾನೆ. ಹೊರಗಿನವರಿಗೆ ಬೇಡದ್ದು ಎಂದು ಅದನ್ನೇ ಕತ್ತರಿಸಿದ್ದೆ. ಏಪ್ರಿಲಿನಲ್ಲೇ ಕಳಿಸಬೇಕಿತ್ತು, ತಪ್ಪಾಯಿತು ಅಣ್ಣಾ. ಇದನ್ನು ಅಮ್ಮ ಕೂಡ ನೋಡಿಲ್ಲ, ಲೋಕದಲ್ಲಿ ಎಲ್ಲೂ ತೋರಿಸಿಲ್ಲ, ಬೇಕಾದರೆ ಸಹಿ ಹಾಕಿಕೊಡುತ್ತೇನೆ. ಮೊದಲ ಪ್ರದರ್ಶನ ನಿನ್ನದು. ಸಾರು ಮಾತ್ರ ನೀನೇ ಮಾಡಿಕೊಳ್ಳಬೇಕು.