ಎರಡನೇ ಬದಿಯ ನಾದಸ್ವರ

ಗೂಡಲೂರು,
೧೯-೯-೧೯೬೭, ಮಂಗಳವಾರ

ಪ್ರೀತಿಯ ತಂಬಿ ರಾಮರ್‌ಗೆ ನಿನ್ನ ಅಕ್ಕ ಮಾಡುವ ಆಶೀರ್ವಾದ.

ಮದರಾಸಿನ ನೀರಿಗೆ ಗಂಟಲು ಕಟ್ಟಿದೆ ಎಂದು ಬರೆದಿದ್ದೆ, ಈಗ ವಾಸಿಯಾಯಿತೇ? ಮೆಣಸು ಜಜ್ಜಿ ಬಿಸಿನೀರಿಗೆ ಹಾಕಿ ಕುಡಿ, ಹೋಟೆಲಿನ ಮಜ್ಜಿಗೆ ಮುಟ್ಟಬೇಡ. ಅಯ್ಯನ ಮೊಣಕಾಲು ನೋವು ಹಾಗೆಯೇ ಇದೆ, ಆದರೂ ತೋಟಕ್ಕೆ ಹೋಗುವುದನ್ನು ಬಿಟ್ಟಿಲ್ಲ. ನಾನು ಚೆನ್ನಾಗಿದ್ದೇನೆ. ಚೆನ್ನಾಗಿಲ್ಲದಿರಲು ನನಗೆ ಪುರುಸೊತ್ತಾದರೂ ಎಲ್ಲಿದೆ? ನೀನು ಈ ಸಲ ಪೂರ್ತಿ ತಮಿಳಿನಲ್ಲೇ ಬರೆದಿದ್ದೀಯ. ಓದಿದೆ. ಆದರೆ ಅವ್ವ ನಮ್ಮಿಬ್ಬರಿಗೂ ಅನ್ನದ ಜೊತೆ ಉಣಿಸಿದ ಮಾತು ಅದಲ್ಲ. ನನಗೆ ಗೊತ್ತಿರುವುದು ತಮಿಳಕ್ಷರ ಮಾತ್ರ, ಆದರೂ ಅದರಲ್ಲಿ ನಮ್ಮ ಮನೆಯ ಕನ್ನಡ ಮಾತನ್ನೇ ಬರೆಯುತ್ತಿದ್ದೇನೆ. ಮರೆತಿದ್ದರೆ ಜೋರಾಗಿ ಓದಿಕೋ, ಅರ್ಥವಾಗುತ್ತದೆ.

ನೀನು ಕಳಿಸಿದ ಗ್ರಾಮಫೋನನ್ನು, ಈ ಪಾಟಿನ ಪೆಟ್ಟಿಗೆಯನ್ನು, ಮಾರಿಮುತ್ತು ಮಾಮ ತೇನಿಯಿಂದ ಬಸ್ಸಿನಲ್ಲಿ ಮಡಿಲ ಮೇಲಿಟ್ಟುಕೊಂಡು ತಂದರು. ಏನೂ ಒಡೆದಿಲ್ಲ. ಜೊತೆಗೆ ದೊಡ್ಡ ರೆಕಾರ್ಡು ಒಂದೇ, ಎರಡು ಬದಿ ಸೇರಿ ಹನ್ನೆರಡು ಪಾಟು, ಒಬ್ಬೊಬ್ಬರದು ಒಂದೊಂದು. ಅದನ್ನಿಟ್ಟ ರಟ್ಟಿನ ಅಟ್ಟೆಯ ಮೇಲೆಲ್ಲ ಇಂಗ್ಲಿಷು. ಯಾವ ರಾಗ, ಯಾವ ವಿದ್ವಾಂಸರು ಎಂದು ನನಗೆ ತಿಳಿಯದು, ಹಾಗಾಗಿ ನಾನೇ ಹೆಸರಿಟ್ಟುಕೊಂಡಿದ್ದೇನೆ. ಮೊದಲನೆಯದು ಬಾಗಿಲು ತೆಗೆಯುವ ಪಾಟು. ಮೂರನೆಯದು ಪಿಟೀಲು, ಮೊದಮೊದಲು ಹಲ್ಲು ಜುಮ್ಮೆನ್ನುತ್ತಿತ್ತು, ಈಗ ಅದಿಲ್ಲದೆ ಮಧ್ಯಾಹ್ನ ಕಳೆಯುವುದಿಲ್ಲ. ಐದನೆಯದರಲ್ಲಿ ಒಬ್ಬ ಅಮ್ಮ ಹಾಡುತ್ತಾರೆ. ನಡುವೆ ಒಂದು ಕಡೆ ಉಸಿರು ಹಿಡಿದು ಮೇಲಕ್ಕೆ ಹೋಗಿ ಅಲ್ಲೇ ನಿಲ್ಲುತ್ತಾರೆ, ನಾನೂ ಕೈಯಲ್ಲಿ ಸೌಟು ಹಿಡಿದು ನಿಂತುಬಿಡುತ್ತೇನೆ. ಎರಡು ಸಲ ರಸ ಉಕ್ಕಿಹೋಯಿತು. ವೀಣೆ ಬಂದಾಗ ಅಯ್ಯ ಬೇಡಬೇಡವೆಂದು ಗೊಣಗುತ್ತಲೇ ತಿಣ್ಣೆಯಿಂದ ಒಳಗೆ ಬಂದು ಕಂಬಕ್ಕೆ ಒರಗಿ ಕೂರುತ್ತಾರೆ, ತೊಡೆಯ ಮೇಲೆ ಬೆರಳು ಆಡುತ್ತಿರುತ್ತದೆ. ಸುಳ್ಳು ಯಾಕೆ ಹೇಳಲಿ, ಇಷ್ಟು ಸುಖ ನಾನು ಕಂಡಿರಲಿಲ್ಲ. ಹೀಗೆಲ್ಲ ಇರುತ್ತದೆಂದು ಯಾರೂ ನನಗೆ ಹೇಳಿಯೇ ಇರಲಿಲ್ಲ.

ಎರಡನೇ ಬದಿಯ ನಾಲ್ಕನೆಯದು ನಾದಸ್ವರ. ಅದರಿಂದ ಆದದ್ದನ್ನು ನಿನಗೆ ಹೇಳಬೇಕು. ಹೋದ ಗುರುವಾರ ಆವಣಿ ತಿಂಗಳ ಕಡೇ ಮದುವೆ ಮುಹೂರ್ತ. ನನಗೇನು ಮುಹೂರ್ತ, ಅದು ನೆನಪಿನಲ್ಲೇ ಇರಲಿಲ್ಲ. ಹತ್ತೂವರೆಗೆ ಅಯ್ಯ ತೋಟಕ್ಕೆ ಹೋದ ಮೇಲೆ ಬಾಗಿಲು ಮುಂದೆ ಮಾಡಿ, ದನಿ ಜೋರು ಮಾಡಿ, ಅಕ್ಕಿ ಆರಿಸುತ್ತ ಕೂತೆ. ಆ ಪಾಟಿನ ಕೊನೆಯಲ್ಲಿ ತವಿಲಿನ ಪೆಟ್ಟು ಬಿರುಸಾಗಿ, ಥೇಟ್ ತಾಳಿ ಕಟ್ಟುವಾಗಿನ ಗಟ್ಟಿಮೇಳದ ಹಾಗೆಯೇ ಏರುತ್ತದೆ. ನಮ್ಮ ಬೀದಿಯ, ಈ ತೆರುವಿನ ರೀತಿ ನಿನಗೆ ಮರೆತಿಲ್ಲ ತಾನೆ? ವಯಸ್ಸು ಮೀರಿದ ಹೆಣ್ಣಿನ ಮದುವೆಯನ್ನು ಯಾರನ್ನೂ ಕರೆಯದೆ ಮನೆಯೊಳಗೇ ಮುಗಿಸುತ್ತಾರೆ, ಮೇಳ ಕಿವಿಗೆ ಬಿದ್ದ ಸಂಬಂಧಿಕರು ಕರೆಗೆ ಕಾಯದೆ ತಟ್ಟೆ ಹಿಡಿದು ಬರಬೇಕು. ಬಂದರು. ಎಲ್ಲರಿಗಿಂತ ಮುಂದೆ ಕರುಪ್ಪಾಯಿ ಅತ್ತೆ, ತಟ್ಟೆಯಲ್ಲಿ ಕಾಯಿ, ವೀಳ್ಯದೆಲೆ, ಅರಿಸಿನ, ಹಸಿರು ರವಿಕೆ ಬಟ್ಟೆ. ಬಾಗಿಲು ತಳ್ಳಿ ಒಳಗೆ ಬಂದವರೇ ನನ್ನ ಗಲ್ಲ ಹಿಡಿದು, "ಹೇಳ್ದೇನೇ ಮುಗ್ಸಿಬಿಟ್ರಾ ನನ್ ಕಣ್ಣು? ಮಾಪ್ಪಿಳ್ಳೆ ಯಾರವ್ವ, ಯಾವೂರ ಗಂಡು?" ಎಂದು ಕೇಳಿದರು. ಅವರ ಕಣ್ಣಲ್ಲಿ ನೀರಿತ್ತು. ಹಿಂದೆ ಹತ್ತು ಹೆಂಗಸರು. ನನ್ನ ಮಡಿಲಲ್ಲಿ ಮೊರ, ಮೂಲೆಯಲ್ಲಿ ತಿರುಗುತ್ತಿರುವ ಪೆಟ್ಟಿಗೆ. ಹೇಳಲು ನನ್ನ ಬಾಯಲ್ಲಿ ಒಂದು ಹೆಸರಿರಲಿಲ್ಲ ತಂಬಿ. ಬೆರಳು ತೋರಿಸಿದೆ, ಅಷ್ಟೆ.

ಯಾರೂ ನಗಲಿಲ್ಲ. ನಕ್ಕಿದ್ದರೆ ತಡೆದುಕೊಳ್ಳುತ್ತಿದ್ದೆ. ಮನೆ ಬಾಗಿಲಿಗೆ ಬಂದ ಅರಿಸಿನವನ್ನು ಹಿಂದಕ್ಕೆ ಕಳಿಸಬಾರದಲ್ಲ, ಎಲ್ಲವನ್ನೂ ತೆಗೆದುಕೊಂಡೆ. ಕಾಫಿ ಕಾಸಿದೆ. ಎಲ್ಲರೂ ಕೂತು ಮೊದಲಿಂದ ಕೊನೆಯವರೆಗೆ ಪಾಟು ಕೇಳಿ, ಚೆನ್ನಾಗಿದೆ ಚೆನ್ನಾಗಿದೆ ಎಂದು ಹೋದರು. ಅಂದಿನಿಂದ ಮನೆಯಲ್ಲಿ ದಿನವೂ ಕಾಯಿ ಚಟ್ನಿಯೇ.

ಕರುಪ್ಪಾಯಿ ಅತ್ತೆ ಯಾಕೆ ಅತ್ತರೆಂದು ನಿನಗೆ ಗೊತ್ತು. ಅವರ ಮಗ ಪೆರಿಯಸಾಮಿ ವಾವೆಯಲ್ಲಿ ನನಗೆಂದೇ ಇದ್ದ ಮುರೆಯ ಗಂಡು, ತೊಟ್ಟಿಲಲ್ಲೇ ಆದ ಮಾತು. ಅವ್ವ ತೀರಿಕೊಂಡ ವರ್ಷವೇ ನೀನು ಕಾಲೇಜು ಸೇರಿದೆ. ರಾಮರ್ ಓದು ಮುಗಿಸಲಿ, ಅಲ್ಲಿಯವರೆಗೆ ಮನೆಗೊಂದು ಹೆಣ್ಣು ಬೇಕಲ್ಲ ಎಂದರು ಅಯ್ಯ. ನೀನು ಅಲ್ಲೇ ನಿಂತಿದ್ದೆ, ತುಟಿ ಬಿಚ್ಚಲಿಲ್ಲ. ಓದಾಯಿತು, ಆಮೇಲೆ ಕೆಲಸ ಸಿಗಲಿ ಎಂದಾಯಿತು. ಐದು ವರ್ಷ ಕಾದು ಪೆರಿಯಸಾಮಿ ಪೆರಿಯಕುಳಂನಿಂದ ಹೆಣ್ಣು ತಂದ. ಅವನನ್ನು ದೂರುವುದಿಲ್ಲ, ಕಾದದ್ದೇ ಹೆಚ್ಚು. ನನಗೆ ಈಗ ಮೂವತ್ತೊಂದು. ನಿನ್ನ ಮೇಲೆ ಸಿಟ್ಟಿಲ್ಲ ಎಂದು ಬರೆಯಲು ಕೂತೆ, ಬರೆಯಲಾಗುತ್ತಿಲ್ಲ. ಸಿಟ್ಟಿದೆ.

ರೆಕಾರ್ಡಿನ ಅಟ್ಟೆಯೊಳಗೆ ನೀನು ಮಡಚಿಟ್ಟ ಕಾಗದ ಪೆಟ್ಟಿಗೆ ಬಂದ ಮೂರನೆಯ ದಿನ ಕೈಗೆ ಸಿಕ್ಕಿತು. ಆಫೀಸಿನ ಹುಡುಗಿಯೊಂದಿಗೆ ಮದುವೆ ಗೊತ್ತಾಗಿದೆ, ಐಪ್ಪಸಿ ತಿಂಗಳ ಇಪ್ಪತ್ಮೂರು, ಗುರುವಾರ, ಹತ್ತೂವರೆಗೆ ಮುಹೂರ್ತ. ಅಯ್ಯನನ್ನು ನಾನು ಒಪ್ಪಿಸಬೇಕು. ತಾಳಿಗೆ ನೀನು ಎರಡು ಗಂಟು ಹಾಕಿದ ಮೇಲೆ ಮೂರನೆಯದನ್ನು ಗಂಡಿನ ಅಕ್ಕತಂಗಿಯರೇ ಹಾಕಬೇಕಲ್ಲ, ಅದಕ್ಕೆ ನಾನು ಬರಬೇಕು. ಇಷ್ಟನ್ನೂ ಬರೆದು ಕೊನೆಗೆ, "ಬೇಸರ ಕಳೆಯಲು ಇದನ್ನು ಕೇಳುತ್ತಿರು ಅಕ್ಕಾ" ಎಂದು ಬರೆದಿದ್ದೀಯ. ನನ್ನದು ಬೇಸರ ಎಂದು ನಿನಗೆ ಯಾರು ಹೇಳಿದರು? ಬೇಸರವಾದರೆ ಪಾಟಿನಿಂದ ಹೋಗುತ್ತದೆ. ರೆಕಾರ್ಡನ್ನು ಹಿಂದಕ್ಕೆ ಕಳಿಸಬೇಕೆಂದು ಗೋಣಿ ದಾರ ಕೂಡ ತೆಗೆದಿಟ್ಟಿದ್ದೆ. ಕಟ್ಟುವ ಮೊದಲು ಒಮ್ಮೆ ಕೇಳೋಣವೆಂದು ಹಾಕಿದೆ, ಆ ಅಮ್ಮ ಮತ್ತೆ ಮೇಲಕ್ಕೆ ಹೋಗಿ ನಿಂತರು. ದಾರ ಎತ್ತಿಟ್ಟೆ. ಈ ಮನೆಗೆ ನನಗೆಂದೇ ಬಂದ ವಸ್ತು ಇದೊಂದೇ, ಕೊಡುವುದಿಲ್ಲ.

ಅಂಚೆಗೆ ಹೊತ್ತಾಯಿತು. ಆ ಹುಡುಗಿಗೆ ನನ್ನ ಆಶೀರ್ವಾದ ಹೇಳು, ಅವಳದೇನೂ ತಪ್ಪಿಲ್ಲ. ಎಣ್ಣೆ ಹಚ್ಚಿ ತಲೆಗೆ ನೀರು ಹಾಕಿಕೋ, ವೇಳೆಗೆ ಸರಿಯಾಗಿ ಉಣ್ಣು. ನೂರು ಕಾಲ ಬಾಳಿರಿ.

ನಿನ್ನ ಅಕ್ಕ,
ಪೊನ್ನಮ್ಮಾಳ್

ಮರೆತಿದ್ದು: ಅಯ್ಯ ಒಪ್ಪಿದ್ದಾರೆ, ಮದುವೆಗೆ ಬರುತ್ತಾರೆ. ನಾನು ಬರುವುದಿಲ್ಲ. ಮೂರನೇ ಗಂಟನ್ನೂ ನೀನೇ ಹಾಕಿಕೋ. ಆ ಗುರುವಾರ ಹತ್ತೂವರೆಗೆ, ನೀನಲ್ಲಿ ತಾಳಿ ಕಟ್ಟುವ ಹೊತ್ತಿಗೆ, ನಾನಿಲ್ಲಿ ಬಾಗಿಲು ಪೂರ್ತಿ ತೆರೆದಿಟ್ಟು ಎರಡನೇ ಬದಿ ಹಾಕುತ್ತೇನೆ. ತೆರುವಿನವರು ಮತ್ತೆ ತಟ್ಟೆ ಹಿಡಿದು ಬಂದು ಮಾಪ್ಪಿಳ್ಳೆ ಯಾರೆಂದು ಕೇಳಿದರೆ, ಈ ಸಲ ಹೇಳಲು ನನ್ನ ಬಾಯಲ್ಲಿ ನಿನ್ನ ಹೆಸರಿದೆ.