ಕೇಬಲ್ಲಿನ ಜೋಡಣೆ

ಮಾರ್ಚ್ 3

ಈ ವರ್ಕ್‌ಶಾಪಿನ ಯಜಮಾನಿ ನಾನು. ಓದಿದ್ದು ಹೈಸ್ಕೂಲು. ಮನೆಯವರು ಹೋದ ಮೇಲೆ ಇಲ್ಲಿ ನನ್ನ ಮಾತು ಮೀರಿ ಒಂದು ಸ್ಕ್ರೂ ತಿರುಗಿಲ್ಲ. ಅಣು ರಿಯಾಕ್ಟರಿನ ಕೊಳವೆಗಳೊಳಗೆ ಮನುಷ್ಯ ಹೋಗುವಂತಿಲ್ಲ. ನಾವು ಮಾಡುವ ಪ್ರೋಬ್ ಹೋಗುತ್ತದೆ — ಬೆರಳಿನ ಗಾತ್ರದ ಕ್ಯಾಮೆರಾ, ಹಿಂದೆ ಉದ್ದನೆಯ ಕೇಬಲ್. ಕೇಬಲ್ ಒಂದೇ ತುಂಡಾಗಿರಬೇಕು, ಜೋಡಣೆ ಇರಕೂಡದು. ನನ್ನ ಕಟ್ಟಪ್ಪಣೆ.

ಹೊಸ ಪ್ರೋಬ್ ಇವತ್ತು ಸ್ಥಾವರಕ್ಕೆ ಹೋಯಿತು. ಕಿರಿಮಗನ ಕೆಲಸ.

ಮಾರ್ಚ್ 6

ಹೊಸ ಕೇಬಲ್ ಸುರುಳಿ ಇವತ್ತು ಬಂತು. ಹಾಗಾದರೆ ಹೋದ ಪ್ರೋಬಿಗೆ ಹಾಕಿದ್ದೇನು? ಕಿರಿಯವನನ್ನು ಕರೆದೆ.

"ಹಳೇ ತುಂಡು ಎರಡಿತ್ತಮ್ಮ. ಜೋಡಿಸಿದೆ. ಟೆಸ್ಟ್‌ನಲ್ಲಿ ಪಾಸಾಯ್ತು."

"ನಮ್ಮ ಟೆಸ್ಟ್ ಕೊಳವೆ ನೆಟ್ಟಗಿದೆ. ಸ್ಥಾವರದ ಕೊಳವೆಯಲ್ಲಿ ತಿರುವಿಲ್ಲವೇನೋ?"

"ಬಿಡಮ್ಮ. ಒಳಗೆ ಹೋಗಿ ಬಂದದ್ದಕ್ಕೆ ವಿಕಿರಣ ಹತ್ತಿರುತ್ತೆ. ಯಾರೂ ಬಿಚ್ಚಿ ನೋಡಲ್ಲ. ನೇರ ಹೂಳ್ತಾರೆ."

ಕೆನ್ನೆಗೆ ಬಾರಿಸಬೇಕಿತ್ತು. ಬಾರಿಸಲಿಲ್ಲ. ಸ್ಥಾವರಕ್ಕೆ ಫೋನೂ ಮಾಡಲಿಲ್ಲ. ಇಷ್ಟು ವರ್ಷದ ಹೆಸರು... ನಾಳೆ ಮಾಡಿದರಾಯಿತು.

ಮಾರ್ಚ್ 11

ಇವತ್ತು ಫೋನ್ ಮಾಡಿ ಜೋಡಣೆಯ ವಿಷಯ ಹೇಳಿದೆ. ಪ್ರೋಬ್ ಆಗಲೇ ಒಳಗೆ ಹೋಗಿದೆ. ತಿರುವಿನಲ್ಲಿ ಸಿಕ್ಕಿಕೊಂಡಿದೆ.

ಸ್ಥಾವರದ ಇಂಜಿನಿಯರ್ ಬೈಯಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

"ಜೋಡಣೆ ಇದ್ದರೆ ಮೋಟರ್ ಹಾಕಿ ಎಳೆಯೋ ಹಾಗಿಲ್ಲ ಅಮ್ಮ, ಕಿತ್ತು ಬರುತ್ತೆ. ಕೊಳವೆ ಬಾಯಲ್ಲಿ ನಿಂತು ಕೈಯಲ್ಲೇ ಬಿಡಿಸಬೇಕು. ಅಲ್ಲಿ ನಿಂತಷ್ಟೂ ವಿಕಿರಣ ಮೈಗೆ ಬೀಳುತ್ತೆ. ನಮ್ಮವರು ಸರದಿ ಮೇಲೆ ಹೋಗ್ತಾರೆ. ಆ ಜೋಡಣೆ ಎಷ್ಟು ಎಳೆತ ತಡೆಯುತ್ತೆ ಅಂತ ಗೊತ್ತಿದ್ದವರು ಇದ್ದಿದ್ದರೆ ಬೇಗ ಮುಗೀತಿತ್ತು."

"ಇದ್ದಾನೆ. ನಾಳೆ ಬರ್ತಾನೆ" ಎಂದೆ.

ಮಾರ್ಚ್ 12, ಬೆಳಿಗ್ಗೆ

ಕಿರಿಸೊಸೆ ದಾರಿಗೆ ಅಡ್ಡ ನಿಂತಳು. "ಅತ್ತೆ, ಅವರಲ್ಲಿ ಬೇರೆ ಜನ ಇಲ್ವಾ?"

"ಇದ್ದಾರೆ. ಅವರ ಮನೇಲೂ ಹೆಂಡತಿಯರಿದ್ದಾರೆ."

"ನಿಮ್ಮದು ಎದೆಯೋ ಕಬ್ಬಿಣವೋ."

ಕಿರಿಯವನು ಶೂ ಕಟ್ಟುತ್ತಾ, "ಬಿಡೇ, ಮಾಡಿದ್ದುಣ್ಣೋ ಮಹರಾಯ ಅಂತಾರಲ್ಲ. ಊಟಕ್ಕೆ ಕರೆದಿದ್ದಾರೆ, ಹೋಗಿ ಬರ್ತೀನಿ" ಎಂದ. ಯಾರೂ ನಗಲಿಲ್ಲ. ನಾನು ಫೋನ್ ಮುಟ್ಟದೆ ಕಳೆದ ದಿನಗಳ ಮಾತನ್ನು ಅವನು ಎತ್ತಲೇ ಇಲ್ಲ. ಎತ್ತಬಹುದಿತ್ತು.

ಹನ್ನೊಂದು ಗಂಟೆ

ಕಾರಿಗೆ ನಾನೇ ಹತ್ತಿಸಿದೆ. ಬಾಗಿಲು ಹಾಕಿದ್ದೂ ನಾನೇ. ಈಗ ಕೊಳವೆಯ ಮುಂದೆ ನಿಂತಿರಬೇಕು. ಅವಸರದವನು... ಆದರೆ ಕೈ ಮಾತ್ರ ಮೆದು, ಚಿಕ್ಕಂದಿನಿಂದಲೂ —