ಸೈಕಲ್ ಮಾರುವುದಿಲ್ಲ

ಚಿಕ್ಕೇಗೌಡನದೊಡ್ಡಿ,
ಬಿಡದಿ ಹೋಬಳಿ.
೧೪-೧೧-೨೦೦೭

ನಮ್ಮ ಮನೆಯ ಯಜಮಾನರಿಗೆ,

ನಿಮ್ಮ ಸರಸಮ್ಮ ಮಾಡುವ ನಮಸ್ಕಾರ. ಇಲ್ಲಿ ನಾನು ಚೆನ್ನಾಗಿದ್ದೇನೆ, ನನ್ನ ಎರಡು ಮಂಡಿಗಳೂ ಚೆನ್ನಾಗಿವೆ, ಸೈಕಲ್ಲೂ ಚೆನ್ನಾಗಿದೆ. ಸಾತನೂರಿನಲ್ಲಿ ನಿಮ್ಮ ಅಕ್ಕನ ಮನೆಯ ಊಟ ನಿಮಗೆ ಒಗ್ಗಿದೆಯೆಂದು ತಿಳಿದು ಸಂತೋಷವಾಯಿತು.

ನಿನ್ನೆ ಅಕ್ಕನ ಮಗ ಪ್ರಕಾಶ್ ಬಂದಿದ್ದ. ಕಾಫಿ ಕುಡಿದು, ಲೋಟ ಕೆಳಗಿಟ್ಟು, ನೆಲ ನೋಡಿಕೊಂಡು ನಿಮ್ಮ ಮಾತು ಒಪ್ಪಿಸಿದ. “ಅತ್ತೆ, ಮಾವ ಹೇಳ್ ಕಳ್ಸವ್ರೆ. ಸೈಕಲ್ ಮಾರ್‌ಬುಟ್ರೆ ಮನೆಗ್ ಬತ್ತಾರಂತೆ. ಇಲ್ದೇವೋದ್ರೆ ಅಲ್ಲೇ ಇರ್ತಾರಂತೆ.” ಪಾಪ, ಹುಡುಗನ ಮುಖ ನೋಡಲಾಗಲಿಲ್ಲ. ನಾನು ಫೋನ್ ಮಾಡಿದರೆ ನೀವು ನಿಮ್ಮಕ್ಕ ದೊಡ್ಡಲಕ್ಷ್ಮಮ್ಮ ಅತ್ತಿಗೆಯ ಕೈಲಿ ಎತ್ತಿಸಿ, ಮನೆಯಲ್ಲಿಲ್ಲ ಅನ್ನಿಸುತ್ತೀರಿ. ಅದಕ್ಕೇ ಏಳನೇ ಕ್ಲಾಸಿನವರೆಗೆ ಕಲಿತ ಅಕ್ಷರವನ್ನೆಲ್ಲ ಒಟ್ಟುಮಾಡಿಕೊಂಡು ಕಾಗದ ಬರೆಯುತ್ತಿದ್ದೇನೆ. ಸೈಕಲ್ ಮಾರುವುದಿಲ್ಲ. ಇಷ್ಟನ್ನು ಒಂದು ಕಾರ್ಡಿನಲ್ಲೇ ಬರೆಯಬಹುದಿತ್ತು. ಆದರೆ ಇಪ್ಪತ್ತೊಂಬತ್ತು ವರ್ಷ ಸಂಸಾರ ಮಾಡಿದ್ದೇವೆ, ಕಾರಣ ಹೇಳಬೇಕಲ್ಲ.

ನಮ್ಮ ಹಿಪ್ಪುನೇರಳೆ ತೋಟ ಫ್ಯಾಕ್ಟರಿಗೆ ಹೋದ ಮೇಲೆ ನಾನು ಏನು ಮಾಡುತ್ತಿದ್ದೆ, ನೀವೇ ಹೇಳಿ. ನಸುಕಿಗೆದ್ದು ಸೊಪ್ಪು ಕೊಯ್ದು, ಹೊರೆ ಹೊತ್ತು ತಂದು, ರೇಷ್ಮೆಹುಳುಗಳಿಗೆ ಹಾಕಿ, ಕೂರಲು ಪುರಸೊತ್ತಿಲ್ಲದೆ ಓಡಾಡುತ್ತಿದ್ದವಳು ಟೀವಿ ಮುಂದೆ ಕೂತೆ. ಮೂರು ವರ್ಷದಲ್ಲಿ ಮೈ ಊದಿತು, ಮಂಡಿ ಹಿಡಿಯಿತು. ಬಚ್ಚಲಲ್ಲಿ ಕೂತರೆ ಗೋಡೆ ಹಿಡಿದು ಏಳಬೇಕಾಗಿತ್ತು. ಒಂದು ದಿನ ಏಳಲಾಗದೆ ಅರ್ಧ ಗಂಟೆ ಅಲ್ಲೇ ಕೂತಿದ್ದೆ. ನಾಚಿಕೆಯಾಗಿ ನಿಮಗೆ ಹೇಳಿರಲಿಲ್ಲ.

ರಾಮನಗರದ ಡಾಕ್ಟರ ಮುಂದೆ ನೀವೂ ಇದ್ದಿರಿ. ನಡೆದರೆ ಮೈಭಾರವೆಲ್ಲ ಮಂಡಿಯ ಮೇಲೆ ಬೀಳುತ್ತದೆ, ಸೈಕಲ್ ತುಳಿದರೆ ಭಾರವನ್ನು ಸೀಟು ಹೊರುತ್ತದೆ, ಮಂಡಿ ನೋಯದೆ ಗಟ್ಟಿಯಾಗುತ್ತದೆ ಎಂದು ಅವರು ಬಿಡಿಸಿ ಹೇಳಿದರು. ನೀವು ಜೋರಾಗಿ ನಕ್ಕಿರಿ. “ನಲವತ್ತೇಳು ವರ್ಸದ ಹೆಂಗ್ಸು ಸೈಕಲ್ ತುಳುದ್ರೆ ಊರೋರು ಮಕಕ್ಕೆ ಉಗೀತಾರೆ ಸಾರ್” ಅಂದಿರಿ. ಡಾಕ್ಟರು ನಗಲಿಲ್ಲ. ನನಗೂ ನಗು ಬರಲಿಲ್ಲ.

ಪಂಕ್ಚರ್ ಅಂಗಡಿ ಹುಸೇನ್ ಹಳೆಯ ಲೇಡೀಸ್ ಸೈಕಲ್ಲೊಂದನ್ನು ಸರಿಮಾಡಿಕೊಟ್ಟ. ಗಾರ್ಮೆಂಟ್ಸಿಗೆ ಸೈಕಲ್ಲಲ್ಲೇ ಹೋಗುವ ಅವನ ಹೆಂಡತಿ ಫಿರೋಜಾ ಕಲಿಸಿದಳು. “ಅಕ್ಕಾ, ರೋಡ್ ನೋಡಿ, ಚಕ್ರ ಯಾಕ್ ನೋಡ್ತೀರಾ” ಎಂದು ಬೈದೂ ಬೈದೂ ಅವಳ ಗಂಟಲು ಕಟ್ಟಿತು. ಹಾಲಿನ ಡೈರಿಯ ಮುಂದೆ ಸೀರೆಯ ಸೆರಗು ಚೈನಿಗೆ ಸಿಕ್ಕಿ ಬಿದ್ದೆ. ಕ್ಯಾನು ಹಿಡಿದು ನಿಂತಿದ್ದ ಇಪ್ಪತ್ತು ಜನ ನಕ್ಕರು. ಮೊಣಕೈ ತರಚಿತ್ತು, ಸೀರೆ ಹರಿದಿತ್ತು, ಆದರೂ ನನಗೂ ಒಸಿ ನಗು ಬಂತು. ಮಾರನೆಯ ದಿನ ಸೆರಗು ಸೊಂಟಕ್ಕೆ ಬಿಗಿದು, ಅದೇ ಡೈರಿಯ ಮುಂದೆ ಎರಡು ಸಲ ಹೋಗಿ ಬಂದೆ.

ಈಗ ದಿನಾ ಬೆಳಗ್ಗೆ ನಮ್ಮ ತೋಟದ ಮೇಲೆ ಹಾಕಿದ ಕಂಪನಿ ರೋಡಿನಲ್ಲೇ ತುಳಿಯುತ್ತೇನೆ. ಮೊದಲ ದಿನ ಪಕ್ಕದ ಹೊಲದ ಮುನಿಶಾಮಯ್ಯ ಅಡ್ಡ ಬಂದ. ಅವನ ಹೊಲವೂ ಹೋಗಿ, ಅಲ್ಲೇ ಸೆಕ್ಯುರಿಟಿಯಾಗಿ ನೀಲಿ ಅಂಗಿ ಹಾಕಿಕೊಂಡಿದ್ದಾನಲ್ಲ. “ಅಕ್ಕಾ, ಸಾಹೇಬ್ರು ಬಯ್ತಾರೆ, ಈಕಡೆ ಬರಂಗಿಲ್ಲ” ಅಂದ. “ಗೇಟ್ ದಾಟಕಿಲ್ಲ ಕಣಪ್ಪ. ಈ ಲೈಟ್ ಕಂಬ ಐತಲ್ಲ, ಇಲ್ಲೇ ಅಲ್ವಾ ನಮ್ ಬೋರ್‌ವೆಲ್ ಇದ್ದುದ್ದು? ಗೆಯ್ದಿರೋ ನೆಲ, ಸುತ್ತು ಹಾಕಕ್ಕೂ ಬುಡಲ್ವಾ?” ಅಂದೆ. ಅವನು ಕಂಬ ನೋಡಿದ, ನನ್ನನ್ನು ನೋಡಿದ, ಪಕ್ಕಕ್ಕೆ ಸರಿದ. ಹೋಟೆಲಿನಲ್ಲಿ ಕೂತವರು ಅದನ್ನೇ ಹಿಗ್ಗಿಸಿ, ನಿನ್ನ ಹೆಂಡತಿ ಸೈಕಲ್ ಮೇಲೆ ಜಗಳಕ್ಕೆ ಹೋಗುತ್ತಾಳೆ ಎಂದು ನಿಮ್ಮನ್ನು ರೇಗಿಸಿದರು. ನೀವು ಅವರಿಗೆ ಒಂದು ಮಾತೂ ಹೇಳದೆ ಮನೆಗೆ ಬಂದು ನನ್ನ ಮೇಲೆ ಹಾರಾಡಿದಿರಿ.

ಆಯುಧಪೂಜೆಯ ದಿನದ್ದು ಬರೆಯಲೇಬೇಕು. ಅಂಗಳದಲ್ಲಿ ಕುಡುಗೋಲು, ಮಚ್ಚು, ನೇಗಿಲು, ನಿಮ್ಮ ತಮ್ಮ ನಾಗರಾಜು ತಂದ ಹೊಸ ಬೈಕು, ಎಲ್ಲವನ್ನೂ ಸಾಲಾಗಿ ಇಟ್ಟಿದ್ದಿರಿ. ನಾನು ಸೈಕಲ್ ತೊಳೆದು ಕೊನೆಯಲ್ಲಿ ನಿಲ್ಲಿಸಿದೆ. ನೆಂಟರೆಲ್ಲ ನೋಡುತ್ತಿರುವಾಗ ನೀವು ಅದನ್ನು ಎಳೆದುಕೊಂಡು ಹೋಗಿ ಕೊಟ್ಟಿಗೆಗೆ ಹಾಕಿದಿರಿ. “ಪೂಜೆ ದುಡಿಯೋ ವಸ್ತುಗೆ ಕಣೇ. ಇದು ನಿನ್ ಸೋಕಿ” ಅಂದಿರಿ. ನನಗೆ ಮೈಯೆಲ್ಲ ಉರಿದುಹೋಯಿತು. ಆ ಕುಡುಗೋಲು ಸೊಪ್ಪು ಕಂಡು ಮೂರು ವರ್ಷದ ಮೇಲಾಯಿತು, ನೇಗಿಲಿಗೆ ಗೆದ್ದಲು ಹತ್ತಿದೆ. ಆ ಸಾಲಿನಲ್ಲಿ ದಿನಾ ದುಡಿಯುತ್ತಿದ್ದದ್ದು ಬೈಕು ಬಿಟ್ಟರೆ ನನ್ನ ಸೈಕಲ್ಲೇ. ಅದನ್ನು ಅಲ್ಲೇ, ಎಲ್ಲರ ಎದುರಿಗೇ ಹೇಳಿದೆ. ಸೈಕಲ್ ತಂದು ಮತ್ತೆ ನಿಲ್ಲಿಸಿದೆ, ಕುಂಕುಮ ಇಟ್ಟೆ, ಎರಡು ಚಕ್ರಕ್ಕೆ ಎರಡು ನಿಂಬೆಹಣ್ಣು ಇಟ್ಟೆ. ಬೂದುಗುಂಬಳಕಾಯಿ ಒಡೆಯಲು ಯಾವ ಗಂಡಸೂ ಮುಂದೆ ಬರಲಿಲ್ಲ. ನಾನೇ ಒಡೆದೆ. ನೀವು ಸಂಜೆಯ ಬಸ್ಸಿಗೆ ಹೊರಟುಹೋದಿರಿ.

ದೀಪಾವಳಿಗಾದರೂ ಬರುತ್ತೀರೆಂದು ಹಂಡೆ ತುಂಬ ನೀರು ಕಾಯಿಸಿದ್ದೆ. ಕೊನೆಗೆ ನಾನೊಬ್ಬಳೇ ಎಣ್ಣೆ ಹಚ್ಚಿಕೊಂಡು ಅತ್ತೆ. ನೀವಿಲ್ಲದೆ ಮನೆ ಬಿಕೋ ಅನ್ನುತ್ತಿದೆ, ಅದನ್ನೂ ಮುಚ್ಚಿಡುವುದಿಲ್ಲ. ಆದರೆ ಮಾರನೆಯ ಬೆಳಗ್ಗೆ ಎದ್ದು ಸೈಕಲ್ ತುಳಿದೆ. ಈಗ ಗೋಡೆ ಹಿಡಿಯದೆ ಏಳುತ್ತೇನೆ. ಇದನ್ನು ಬಿಟ್ಟುಕೊಟ್ಟು ನಿಮ್ಮನ್ನು ಕರೆಸಿಕೊಂಡರೆ, ಆಮೇಲೆ ಬಚ್ಚಲಿನಿಂದ ನನ್ನನ್ನು ಎತ್ತುವುದು ನೀವೋ, ಹೋಟೆಲಿನವರೋ?

ನೀವು ಬನ್ನಿ. ಸೈಕಲ್ ಜಗುಲಿಯ ಮೇಲೇ ಇರುತ್ತದೆ, ಬಂದವರ ಕಣ್ಣಿಗೆ ಮೊದಲು ಬೀಳುವ ಹಾಗೆ. ಅದನ್ನು ದಾಟಿಕೊಂಡೇ ಒಳಗೆ ಬರಬೇಕು.

ನಿಮ್ಮ ದಾರಿ ಕಾಯುತ್ತಿರುವ, ಸೋಲದ,
ಸರಸಮ್ಮ

ಮರೆತಿದ್ದ ಮಾತು: ಹುಸೇನನ ಅಂಗಡಿಯಲ್ಲಿ ಗಂಡಸರ ಸೈಕಲ್ಲೂ ಒಂದಿದೆ, ನಿಮಗೆಂದು ಹೇಳಿಟ್ಟಿದ್ದೇನೆ. ನಮ್ಮ ಮದುವೆಯಲ್ಲಿ ನಮ್ಮಪ್ಪ ನಿಮಗೆ ಹೊಸ ಸೈಕಲ್ ಕೊಟ್ಟರಲ್ಲ, ಆ ವರ್ಷ ಗೌರಿಹಬ್ಬದ ಸಾಮಾನು ಹೇರಿಕೊಂಡು ಬಿಡದಿಯಿಂದ ಅದನ್ನು ತಳ್ಳಿಕೊಂಡೇ ಬಂದಿರಿ. ಚೈನು ಕಿತ್ತುಹೋಗಿದೆ ಅಂದಿರಿ. ಆಮೇಲೆ ಹಿತ್ತಿಲಿಗೆ ಹೋಗಿ ನೋಡಿದೆ, ಚೈನು ಸರಿಯಾಗಿಯೇ ಇತ್ತು. ನಿಮಗೆ ಸೈಕಲ್ ಬರುವುದಿಲ್ಲ ಎಂದು ನನಗೆ ಅವತ್ತೇ ಗೊತ್ತಾಯಿತು. ಇವತ್ತಿನವರೆಗೆ ಯಾರಿಗೂ ಹೇಳಿಲ್ಲ, ಫಿರೋಜಾಳಿಗೂ ಹೇಳಿಲ್ಲ. ಬೆಳಗ್ಗೆ ಐದೂವರೆಗೆ ಕಂಪನಿ ರೋಡು ಖಾಲಿ ಇರುತ್ತದೆ. ಮುನಿಶಾಮಯ್ಯನಿಗೆ ಆ ಕಡೆ ತಿರುಗಿ ನಿಲ್ಲಲು ಹೇಳುತ್ತೇನೆ. ನೀವು ಹತ್ತಿ, ಹಿಂದೆ ನಾನು ಹಿಡಿದುಕೊಳ್ಳುತ್ತೇನೆ.